ನಕ್ಕ ದಿನದ ಕೆಂಪು ಗೆರೆ

ಭಾನುವಾರ, ಮಧ್ಯಾಹ್ನ

ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರ. ನಾನು ಕ್ಷೇಮ. ವಾಡಿಕೆಗೆ ಬರೆಯುವ ಕ್ಷೇಮ ಅಲ್ಲ, ನಿಜವಾಗಿಯೂ ಚೆನ್ನಾಗಿದ್ದೇನೆ. ನಿನ್ನ ಕ್ಷೇಮ ವಿಚಾರಿಸುವಷ್ಟು ದೊಡ್ಡ ಮನಸ್ಸು ಸದ್ಯಕ್ಕೆ ಇಲ್ಲ, ಆದ್ದರಿಂದ ವಿಚಾರಿಸುತ್ತಿಲ್ಲ.

ನೀನು ಬಿಡದೆ ಫೋನ್ ಮಾಡುತ್ತಿದ್ದೀಯ. ಅಮ್ಮ ಬೇರೆ, "ಒಂದು ಮಾತು ಆಡಿಬಿಡೇ, ಅವಳು ಸರಿಯಾಗಿ ಊಟಾನೂ ಮಾಡ್ತಿಲ್ಲ" ಎಂದು ಗೋಗರೆಯುತ್ತಾಳೆ. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ ಎಂಬುದು ನಿಮ್ಮಿಬ್ಬರಿಗೂ ಗೊತ್ತಿರುವ ವಿಷಯ. ಎದುರಿಗಿರುವವರು "ಹಲೋ, ಹಲೋ, ಇದ್ದೀಯಾ?" ಎನ್ನುವಷ್ಟರಲ್ಲಿ ನಾನು ಜೋಡಿಸಿಕೊಂಡ ವಾಕ್ಯ ಕುಸಿದು ಬೀಳುತ್ತದೆ. ಅದಕ್ಕೇ ಕಾಗದ. ಕಾಗದದಲ್ಲಿ ನಡುವೆ ಬಾಯಿ ಹಾಕಲು ಯಾರಿಗೂ ಆಗುವುದಿಲ್ಲ.

ನೀನು ಕೊಡಿಸಿದ ತಲೆಪಟ್ಟಿಯನ್ನು ಅದರ ಡಬ್ಬಿ, ಚಾರ್ಜರ್ ಸಮೇತ ನಿನ್ನೆ ಕೊರಿಯರ್‌ನಲ್ಲಿ ಕಳಿಸಿದ್ದೇನೆ. ಹಣೆಗೆ ತಾಗುವ ಭಾಗವನ್ನು ಒರೆಸಿಯೇ ಕಳಿಸಿದ್ದೇನೆ, ಹೆದರಬೇಡ.

ಕಟ್ಟುಹಲ್ಲಿನ ಲ್ಯಾಬಿನಲ್ಲಿ ಕೆಲಸ ಎಂದ ಕೂಡಲೇ ಜನ ನನ್ನನ್ನು ಯಾವಾಗಲೂ ಒಂದು ಪ್ರಶ್ನೆ ಕೇಳುತ್ತಾರೆ. "ದಿನವಿಡೀ ಕಂಡವರ ಬಾಯಿಯ ಅಚ್ಚು ಮುಟ್ಟಿಕೊಂಡು ಕೂತಿರ್ತೀಯಲ್ಲ, ಹೇಸಿಗೆ ಆಗಲ್ವಾ?" ಭಾವನಂತೂ ಊಟಕ್ಕೆ ಕೂತಾಗೆಲ್ಲ ಕೇಳುತ್ತಾರೆ, ಕೇಳಿ ಅವರೇ ನಗುತ್ತಾರೆ. ಆಗುವುದಿಲ್ಲ ಅಕ್ಕ. ಹಲ್ಲಿಲ್ಲದ ದವಡೆಯ ಪ್ಲಾಸ್ಟರ್ ಅಚ್ಚು ಮೇಜಿನ ಮೇಲೆ ಬಂದಾಗ, ಅದರ ಮೇಲೆ ಮೇಣದ ವಸಡು ಕಟ್ಟಿ ಒಂದೊಂದೇ ಹಲ್ಲು ಕೂರಿಸುವಾಗ, ಆ ಮನುಷ್ಯ ಇನ್ನು ಕಡಲೆಕಾಯಿ ತಿನ್ನಬಹುದು ಎಂದಷ್ಟೇ ನನಗೆ ಅನ್ನಿಸುವುದು. ಹೇಸಿಗೆ ಎಂದರೆ ಏನೆಂದು ನನಗೆ ಗೊತ್ತಾದದ್ದು ಈಚೆಗೆ, ನಿನ್ನಿಂದ. ಅದನ್ನು ಹೇಳುವುದಕ್ಕೇ ಬರೆಯುತ್ತಿದ್ದೇನೆ.

ಮೊದಲಿನಿಂದ ಬರುತ್ತೇನೆ, ಅರ್ಧದಿಂದ ಹೇಳಲು ನನಗೆ ಬರುವುದಿಲ್ಲ.

ನನ್ನ ಮೆದುಳು ಎಲ್ಲರ ಹಾಗಲ್ಲ, ಅದಕ್ಕೆ ಆಟಿಸಂ ಎಂಬ ಹೆಸರಿದೆ ಎಂದು ಡಾಕ್ಟರ್ ಹೇಳಿದಾಗ ನನಗಿಂತ ಹೆಚ್ಚು ಅತ್ತವಳು ನೀನು. ನನಗೆ ಅಳು ಬರಲಿಲ್ಲ, ಒಂದು ಥರ ನಿರಾಳವಾಯಿತು. ಶಾಲೆಯಲ್ಲಿ ಗದ್ದಲಕ್ಕೆ ನಾನು ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ಕೂತಾಗ, ನನ್ನನ್ನು ಆಡಿಕೊಂಡ ಹುಡುಗಿಯ ಜಡೆ ಹಿಡಿದು ಜಗ್ಗಿದವಳು ನೀನು. ಅದನ್ನು ನಾನು ಮರೆತಿಲ್ಲ. ಮರೆಯಲು ಆಗಿದ್ದರೆ ಈ ಕಾಗದ ಬರೆಯುವುದು ಸುಲಭವಾಗುತ್ತಿತ್ತು.

ನೀನು ಆ ಪಟ್ಟಿ ತಂದುಕೊಟ್ಟಾಗ ನಾನು ಬೇಡ ಎನ್ನಲಿಲ್ಲ. ಹಣೆಗೆ ಕಟ್ಟಿಕೊಂಡರೆ ಮೆದುಳಿನ ಅಲೆಗಳನ್ನು ಓದುತ್ತದೆ, ಫೋನಿನಲ್ಲಿ ಬಣ್ಣ ತೋರಿಸುತ್ತದೆ, ಹಸಿರಾದರೆ ಶಾಂತ, ಹಳದಿಯಾದರೆ ಎಚ್ಚರ, ಕೆಂಪಾದರೆ ತಲೆ ಕೆಡುವ ಹಂತ ಎಂದು ನೀನು ವಿವರಿಸಿದೆ. "ನಿನ್ನ ಒಳಗೆ ಏನಾಗ್ತಿದೆ ಅಂತ ನಿನಗೇ ತಡವಾಗಿ ಗೊತ್ತಾಗತ್ತಲ್ವಾ, ಇದು ಮೊದಲೇ ಹೇಳತ್ತೆ" ಎಂದೆ. ನನ್ನ ಫೋನಿನ ಜೊತೆ ನಿನ್ನ ಫೋನಿಗೂ ಅದನ್ನು ಜೋಡಿಸಿದೆ. ತುರ್ತಿಗೆ ಇರಲಿ ಎಂದೆ. ನಾನು ಹೂಂ ಎಂದೆ. ನೀನಲ್ಲದೆ ಇನ್ಯಾರು ಎಂದುಕೊಂಡೆ.

ತುರ್ತು ದಿನಾ ಬರತೊಡಗಿತು. ಕೆಲಸದ ಮಧ್ಯೆ ನಿನ್ನ ಮೆಸೇಜು: ಯಾಕೆ ಹಳದಿ? ಏನಾಯ್ತು? ಯಾರು ಏನಂದ್ರು? ಮುಂದಿನ ಹಲ್ಲಿನ ಬಣ್ಣ ಹೊಂದಿಸುವಾಗ ನನಗೆ ಗಮನ ಕೊಡಬೇಕಾಗುತ್ತದೆ, ಗಮನ ಕೊಟ್ಟರೆ ಅದು ಹಳದಿಯಾಗುತ್ತದೆ, ಅಷ್ಟೇ. ಅದನ್ನು ಹೇಳಿದೆ. ನೀನು ನಂಬಲಿಲ್ಲ. ಆಮೇಲಾಮೇಲೆ ನೀನು ನನ್ನನ್ನು ಕೇಳುವುದನ್ನೇ ಬಿಟ್ಟೆ. ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಫೋನ್ ನೋಡುತ್ತಿದ್ದೆ, ನನ್ನ ಮುಖ ನೋಡುತ್ತಿರಲಿಲ್ಲ. ಅಮ್ಮನೂ ಕಲಿತಳು. ಒಮ್ಮೆ ನಾನು ತಲೆ ನೋಯುತ್ತಿದೆ ಎಂದಾಗ ಅಡುಗೆಮನೆಯಿಂದಲೇ ನಿನಗೆ ಫೋನ್ ಹಚ್ಚಿ, "ಏನು ಬಣ್ಣ ತೋರಿಸ್ತಿದೆ? ಹಸಿರಾ? ಹಾಗಾದ್ರೆ ಏನೂ ಇಲ್ಲ ಬಿಡು" ಎಂದಳು. ನೋಯುತ್ತಿದ್ದದ್ದು ನನ್ನ ತಲೆ.

ಒಂದು ದಿನ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಊಟ ರುಚಿಯಾಗಿತ್ತು, ಫ್ಯಾನು ಸದ್ದು ಮಾಡುತ್ತಿರಲಿಲ್ಲ, ನಾನು ಸುಮ್ಮನೆ ತಿನ್ನುತ್ತಿದ್ದೆ. ಭಾವ ನಿನ್ನ ಫೋನ್ ನೋಡಿ ನಿನ್ನ ಕಡೆ ಬಾಗಿ, "ಹಸಿರಿದೆ, ಈಗ ಕೇಳು, ಈಗ ಕೇಳು" ಎಂದು ಪಿಸುಗುಟ್ಟಿದರು. ನನಗೆ ಮಾತು ತಡವರಿಸುತ್ತದೆ, ಕಿವಿ ತಡವರಿಸುವುದಿಲ್ಲ ಎಂಬುದು ನಿಮಗೆ ಯಾಕೆ ಮರೆತುಹೋಗುತ್ತದೋ. ನೀನು ಆಗ ಕೇಳಿದೆ: ಕೆಲಸಕ್ಕೆ ಅರ್ಧ ದಿನ ಮಾತ್ರ ಹೋದರೆ ಹೇಗೆ? ಬಾಯಲ್ಲಿ ತುತ್ತು ಇದ್ದದ್ದರಿಂದ ನೋಡೋಣ ಎಂದೆ. ಮಾರನೇ ದಿನ ನೀನು ಅಮ್ಮನಿಗೆ ಹೇಳಿದ್ದೇನು? ಅವಳು ಒಪ್ಪಿದ್ದಾಳೆ. ಅಂಗಡಿಯಲ್ಲಿ ಹಣ್ಣನ್ನು ಒತ್ತಿ ಒತ್ತಿ ನೋಡಿ, ಮೆತ್ತಗಾದ ಜಾಗದಲ್ಲಿ ಬೆರಳು ತೂರಿಸುವವರು ಇರುತ್ತಾರಲ್ಲ, ಆ ರಾತ್ರಿ ಹಣೆ ಮುಟ್ಟಿಕೊಂಡಾಗ ನನಗೆ ಹಾಗೆ ಅನ್ನಿಸಿತು. ಆದರೂ ಪಟ್ಟಿ ಬಿಚ್ಚಿಡಲಿಲ್ಲ. ನೀನು ಬೇಜಾರು ಮಾಡಿಕೊಳ್ಳುತ್ತೀಯ ಎಂದು.

ಈಗ ಆ ದಿನದ ವಿಷಯ. ನೀನು ಊರಿಗೆಲ್ಲ ತೋರಿಸುವ ಆ ಕೆಂಪು ಗೆರೆಯ ದಿನ. ಅವತ್ತು ಏನಾಯಿತೆಂದು ನೀನು ಇವತ್ತಿನವರೆಗೂ ನನ್ನನ್ನು ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ನಮ್ಮ ಲ್ಯಾಬಿನಿಂದ ಎರಡು ಹಲ್ಲಿನ ಸೆಟ್ ಅದಲುಬದಲಾಗಿ ಹೋಗಿದ್ದವು. ಒಂದು ನಿವೃತ್ತ ಪೊಲೀಸ್ ಅಧಿಕಾರಿಯದು, ಆತನ ದವಡೆ ಎಂದರೆ ದವಡೆ. ಇನ್ನೊಂದು ಗುಬ್ಬಿಯಂಥ ಒಬ್ಬ ಅಜ್ಜಿಯದು. ಹಲ್ಲಿನ ಡಾಕ್ಟರ್ ಫೋನ್ ಮಾಡಿದರು. ಲ್ಯಾಬ್ ನಡೆಸುವ ಮೇಡಂ, ಕೈಗೆ ಪ್ಲಾಸ್ಟರ್ ಮೆತ್ತಿಕೊಂಡಿದ್ದರಿಂದ, ಸ್ಪೀಕರ್ ಹಾಕಿದರು. "ರೀ, ಅಜ್ಜಿಗೆ ಬಾಯಿ ಮುಚ್ಚೋಕೇ ಆಗ್ತಿಲ್ಲ. ಬಿಚ್ಚಿ ಕೊಡಿ ಅಂದ್ರೆ ಕೊಡಲ್ಲ ಅಂತಾರೆ. ಕನ್ನಡಿ ನೋಡ್ಕೊಂಡು, ಜನ್ಮದಲ್ಲಿ ಇಷ್ಟು ಒಳ್ಳೆ ಹಲ್ಲು ಇರ್ಲಿಲ್ಲ, ಇದೇ ಇರ್ಲಿ ಅಂತ ಕೂತುಬಿಟ್ಟಿದಾರೆ!" ಪಾಲಿಷ್ ಮೆಷಿನ್ನಿನ ಮುಂದೆ ಕೂರುವ ಹಿರಿಯರನ್ನು ನಾವೆಲ್ಲ ಮಾಮ ಎನ್ನುತ್ತೇವೆ. ಅವರು ಮೆಷಿನ್ ನಿಲ್ಲಿಸಿ, "ಇರ್ಲಿ ಬಿಡಿ ಡಾಕ್ಟ್ರೇ, ಅಜ್ಜಿಗೂ ಒಂದಿಷ್ಟು ಅಧಿಕಾರ ಬರ್ಲಿ" ಎಂದರು. ಆಗ ನಾನು, ಅಕ್ಕ, ನಾನು ಹೇಳಿದೆ: "ಸಾಹೇಬ್ರು ಇನ್ಮೇಲೆ ಯಾರ ಮೇಲಾದ್ರೂ ಹಲ್ಲು ಕಡೀಬೇಕಂದ್ರೆ ಅಜ್ಜಿ ಪರ್ಮಿಷನ್ ತಗೋಬೇಕು."

ಅದು ತಾನಾಗಿ ಬಂತು. ಜೋಡಿಸಿಕೊಳ್ಳದೆ, ಸರಿಯಾದ ಹೊತ್ತಿಗೆ ಬಂತು. ಒಂದು ಕ್ಷಣ ಎಲ್ಲರೂ ನನ್ನ ಕಡೆ ನೋಡಿದರು, ಆಮೇಲೆ ನಕ್ಕರು ನೋಡು! ಮೇಡಂ ಪ್ಲಾಸ್ಟರ್ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡರು. ಮಾಮನಿಗೆ ಕೆಮ್ಮು ಬಂತು. ಫೋನಿನಲ್ಲಿ ಡಾಕ್ಟರ್ "ಯಾರ್ರೀ ಅದು ಹೇಳಿದ್ದು?" ಎಂದು ಕಿರುಚಿದರು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವ ಹಾಗೆ, ಮೇಜು ಬಡಿದು, ಉಸಿರು ಸಿಗದೆ ನಕ್ಕೆ. ಜನ ನನ್ನನ್ನು ನೋಡಿ ನಕ್ಕದ್ದು ಬೇಕಾದಷ್ಟಿದೆ. ನಾನು ಹೇಳಿದ್ದಕ್ಕೆ ನನ್ನ ಜೊತೆ ನಕ್ಕದ್ದು ಅದೇ ಮೊದಲು.

ಅಷ್ಟರಲ್ಲಿ ಮೇಡಂ ಫೋನಿಗೆ ಇನ್ನೊಂದು ಕರೆ ಬಂತು. ಅದು ನಿನ್ನದು. ಸ್ಪೀಕರ್ ಹಾಗೇ ಇತ್ತು. "ನನ್ನ ತಂಗಿಗೆ ಅಟ್ಯಾಕ್ ಬರ್ತಿದೆ, ನಿಮಗೆ ನೋಡಿದ್ರೆ ಗೊತ್ತಾಗಲ್ಲ, ಪೂರ್ತಿ ಕೆಂಪಾಗಿದೆ. ದಯವಿಟ್ಟು ಅವಳ ಸುತ್ತ ಯಾರೂ ನಿಲ್ಬೇಡಿ, ಲೈಟ್ ಆರಿಸಿ, ನಾನು ಬರ್ತಿದೀನಿ." ಕೋಣೆಯಲ್ಲಿ ನಗು ನಿಂತುಹೋಯಿತು. ಯಾರೋ ಲೈಟ್ ಆರಿಸಿದರು. ನನ್ನ ಪಕ್ಕದವಳು ಕುರ್ಚಿ ಎಳೆದುಕೊಂಡು ದೂರ ಸರಿದಳು. ಮೇಡಂ ನನ್ನ ಒದ್ದೆ ಕಣ್ಣು ನೋಡಿ, "ಅಯ್ಯೋ, ನಮಗೆ ಗೊತ್ತೇ ಆಗ್ಲಿಲ್ವಲ್ಲಮ್ಮಾ" ಎಂದು ಬೆವರಿದರು. ಇಲ್ಲ, ನಾನು ನಗುತ್ತಿದ್ದೇನೆ ಎನ್ನಲು ಬಾಯಿ ತೆರೆದೆ. ಎಲ್ಲರ ಕಣ್ಣೂ ನನ್ನ ಮೇಲೆ. ಮಾತು ಹೊರಡಲಿಲ್ಲ. ಕತ್ತಲು, ಆ ಮೌನ, ಆ ಕಣ್ಣುಗಳು. ಆಗ ನಿಜವಾಗಿಯೂ ಆಯಿತು. ನೆಲಕ್ಕೆ ಕೂತು ಕಿವಿ ಮುಚ್ಚಿಕೊಂಡೆ, ಕೂಗಿದೆ. ನೀನು, ಭಾವ ಬಂದು ಕಾರಿಗೆ ಹತ್ತಿಸಿದಿರಿ. ದಾರಿಯುದ್ದಕ್ಕೂ ನೀನು ನನ್ನ ಬೆನ್ನು ಸವರುತ್ತ, "ನೋಡಿದ್ರಾ, ಮೊದಲೇ ಹೇಳ್ತು, ಎಷ್ಟು ಕರೆಕ್ಟಾಗಿ ಹೇಳ್ತು" ಎಂದು ಭಾವನಿಗೆ ಹೇಳುತ್ತಿದ್ದೆ. ನಿನ್ನ ದನಿಯಲ್ಲಿ ಇದ್ದದ್ದು ಗಾಬರಿಯಲ್ಲ, ಅಕ್ಕ. ಅದು ಖುಷಿ.

ಆಮೇಲೆ ನಿಮ್ಮ ಮನೆಯ ಹಿಂದಿನ ಕೋಣೆ. ನೀನು ನನ್ನ ಕೆಲಸ ಬಿಡಿಸಿದೆ. ದಪ್ಪ ಪರದೆ ಹಾಕಿಸಿದೆ, ಗಡಿಯಾರ ತೆಗೆಸಿದೆ, ನಿದ್ದೆಯ ಮಾತ್ರೆ ಬರೆಸಿಕೊಂಡು ಬಂದೆ. ಎಲ್ಲವೂ ನನ್ನ ಒಳ್ಳೆಯದಕ್ಕೆ. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಬಣ್ಣ ಉಬ್ಬಿ ಗುಳ್ಳೆಯಾದ ಒಂದು ಜಾಗವಿತ್ತು, ಅದನ್ನು ನೋಡುತ್ತಿದ್ದೆ. ಸ್ನಾನ ಬೇಕೆನ್ನಿಸುತ್ತಿರಲಿಲ್ಲ. ಅಮ್ಮ ಬಂದು ತಲೆ ಬಾಚಿದರೆ ಬಾಚಿಸಿಕೊಳ್ಳುತ್ತಿದ್ದೆ. ಹಗಲಲ್ಲಿ ಪಟ್ಟಿ ಹಣೆಯ ಮೇಲೇ ಇರುತ್ತಿತ್ತು, ಮಾತ್ರೆ ನುಂಗುವ ಮೊದಲು ಬಿಚ್ಚಿಡುತ್ತಿದ್ದೆ. ಹಸಿವಿಲ್ಲ, ಸಿಟ್ಟಿಲ್ಲ, ಹಲ್ಲಿನ ನೆನಪೂ ಇಲ್ಲ. ಒಳಗೆ ಏನೂ ಇರಲಿಲ್ಲ. ನಿನ್ನ ಫೋನು ಅದನ್ನು ಹಸಿರು ಎಂದಿತು. ನೀನು ಬಾಗಿಲಲ್ಲಿ ನಿಂತು, "ಇಡೀ ವಾರ ಹಸಿರು ಕಣೇ!" ಎಂದು ಕಣ್ಣೊರೆಸಿಕೊಂಡೆ. ಭಾವ ಐಸ್‌ಕ್ರೀಮ್ ತಂದರು. ಅದು ಕರಗಿ ನೀರಾಗುವುದನ್ನು ನಾನು ನೋಡಿದೆ, ನೀವಿಬ್ಬರೂ ನೋಡಲಿಲ್ಲ.

ಆ ಹೊತ್ತಿಗೆ ನಿನ್ನ ಇನ್ಶೂರೆನ್ಸ್ ಆಫೀಸಿನ ಕೆಲಸ ಹೋಗಿತ್ತು, ಪಟ್ಟಿ ಮಾರುವ ಕಂಪನಿಯವರು ಕರೆದು ಕೆಲಸ ಕೊಟ್ಟಿದ್ದರು ಎಂಬುದು ನನಗೆ ಗೊತ್ತಿತ್ತು. ಯಾಕೆ ಕೊಟ್ಟರು ಎಂಬುದು ಗೊತ್ತಿರಲಿಲ್ಲ.

"ಅಕ್ಕ ಸ್ಟೇಜ್ ಮೇಲೆ ಮಾತಾಡ್ತಾಳಂತೆ, ಹೇಳದೆ ಹೋಗಿ ಖುಷಿಪಡಿಸೋಣ" ಎಂದು ನನ್ನನ್ನು ಎಬ್ಬಿಸಿ ಬಟ್ಟೆ ಹಾಕಿಸಿ ಕರೆದುಕೊಂಡು ಬಂದವಳು ಅಮ್ಮ. ಪಾಪ, ಅವಳಿಗೂ ಗೊತ್ತಿರಲಿಲ್ಲ. ನಿಮ್ಮ ಕಂಪನಿಯ ಕಾರ್ಯಕ್ರಮವಿದ್ದ ಆ ಹೋಟೆಲ್ಲಿನ ಸಭಾಂಗಣದಲ್ಲಿ ಹೊಸ ಕಾರ್ಪೆಟ್ಟಿನ ವಾಸನೆ. ಬಾಗಿಲ ಬಳಿಯ ಕಾಫಿ ಮೇಜಿನಲ್ಲಿ ಒಬ್ಬ ದೊಡ್ಡ ಮನುಷ್ಯ, ಕೂದಲು ನೆರೆತವನು, ಹಣೆಗೆ ಪಟ್ಟಿ ಕಟ್ಟಿಕೊಂಡು ಕಪ್ ಎತ್ತಿಕೊಂಡಿದ್ದ. ಹೆಂಡತಿ ಫೋನ್ ನೋಡಿ, "ಹಳದಿ ಬಂತು, ಬೇಡ" ಎಂದು ಕಪ್ಪನ್ನು ಕೈಯಿಂದ ತೆಗೆದು ಕೆಳಗಿಟ್ಟಳು. ಅವನು ಖಾಲಿಯಾದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತಿದ್ದ.

ನಾವು ಹಿಂದಿನ ಸಾಲಿನಲ್ಲಿ ಕೂತೆವು. ದೀಪ ಆರಿತು. ಪರದೆಯ ಮೇಲೆ, ಗೋಡೆಯಷ್ಟು ದೊಡ್ಡದಾಗಿ, ನನ್ನ ತಲೆಯೊಳಗಿನ ಅಲೆಗಳು. ನೀನು ಕೋಲಿನಿಂದ ತೋರಿಸಿದೆ. ಇದು ನನ್ನ ತಂಗಿಯ ಅತ್ಯಂತ ಕೆಟ್ಟ ದಿನ, ಎಂದೆ. ಕೆಂಪು ಗೆರೆ ಸೂಜಿಯ ಹಾಗೆ ಮೇಲೆದ್ದಿತ್ತು. ನನ್ನ ನಗು ಅದು. ನೂರಾರು ಜನ ಅಯ್ಯೋ ಎಂದರು. ಆಮೇಲೆ ಇನ್ನೊಂದು ಚಿತ್ರ ಹಾಕಿದೆ, ಉದ್ದಕ್ಕೂ ಮಲಗಿದ ಹಸಿರು ಗೆರೆ. "ಈಗ ನನ್ನ ತಂಗಿ ಶಾಂತವಾಗಿದಾಳೆ" ಎಂದು ಗದ್ಗದಿತಳಾದೆ. ಚಪ್ಪಾಳೆ ಬಿತ್ತು. ನನ್ನ ಪಕ್ಕದಲ್ಲಿ ಅಮ್ಮನೂ ತಟ್ಟುತ್ತಿದ್ದಳು.

ಒಬ್ಬ ತಾಯಿ ಎದ್ದು ಕೇಳಿದಳು: ಮಗನಿಗೆ ಇದು ಇಷ್ಟವಿಲ್ಲ, ಅವನಿಗೆ ತಿಳಿಯದ ಹಾಗೆ ಹಾಕಬಹುದಾ? ನೀನು ನಕ್ಕೆ, "ನಿದ್ದೆ ಬಂದ ಮೇಲೆ ಹಾಕಿ ನೋಡಿ, ನಿಧಾನಕ್ಕೆ ರೂಢಿಯಾಗತ್ತೆ" ಎಂದೆ. ಹಾಗಾದರೆ ನನಗೂ ಹಾಕಿದ್ದೀಯಾ, ಅಕ್ಕ? ಆ ಹಿಂದಿನ ಕೋಣೆಯಲ್ಲಿ, ಮಾತ್ರೆ ನುಂಗಿಸಿದ ಮೇಲೆ? ಬೇಡ, ಉತ್ತರ ಬರೆಯಬೇಡ.

ನಾನು ಕೈ ಎತ್ತಿದೆ. ದೀಪ ನಿನ್ನ ಕಣ್ಣಿಗೆ ಹೊಡೆಯುತ್ತಿತ್ತು, ನೀನು "ಹಿಂದಿನ ಸಾಲಿನವರು ಕೇಳಿ" ಎಂದೆ. ಯಾರೋ ಮೈಕ್ ತಂದುಕೊಟ್ಟರು. ನನ್ನ ದನಿ ನಡುಗಲಿಲ್ಲ. ಕೇಳಿದೆ: "ಆ ಕೆಂಪು ದಿನ ನಿಮ್ಮ ತಂಗಿ ಏನು ಮಾಡ್ತಿದ್ದಳು ಅಂತ ಅವಳನ್ನ ಕೇಳಿದೀರಾ?"

ನನ್ನ ದನಿ ನಿನಗೆ ಗೊತ್ತಾಗಲಿಲ್ಲ ಎಂದು ಮಾತ್ರ ಹೇಳಬೇಡ. ಗೊತ್ತಾಯಿತು. ನಿನ್ನ ಕೈಯಲ್ಲಿದ್ದ ಕೋಲು ತಗ್ಗಿತು. ನೀನು ಮೇಜಿನ ಮೇಲಿದ್ದ ಲೋಟ ಎತ್ತಿ ನೀರು ಕುಡಿದೆ. ನೀನು ಕೆಳಗಿಳಿದು ಬರುತ್ತೀಯ ಎಂದುಕೊಂಡೆ. ಶಾಲೆಯಲ್ಲಿ ಬರುತ್ತಿದ್ದೆಯಲ್ಲ, ಹಾಗೆ. ನೀನು ಬಾಯಿ ಒರೆಸಿಕೊಂಡು ಹೇಳಿದೆ: "ತುಂಬಾ ಒಳ್ಳೆ ಪ್ರಶ್ನೆ. ಅವಳು ಹೇಳೋ ಸ್ಥಿತೀಲಿ ಇರ್ಲಿಲ್ಲ. ಅದಕ್ಕೇ ನಮಗೆ ಈ ಸಾಧನ ಬೇಕು. ಮುಂದಿನ ಪ್ರಶ್ನೆ?"

ಅದಕ್ಕೂ ಚಪ್ಪಾಳೆ ಬಿತ್ತು.

ನಾನು ವಾಶ್‌ರೂಮಿಗೆ ಓಡಿ ವಾಂತಿ ಮಾಡಿಕೊಂಡೆ. ಅಮ್ಮ ಹಿಂದೆಯೇ ಬಂದು ತಲೆ ಹಿಡಿದುಕೊಂಡಳು. ಅವಳಿಗೆ ಆಗ ಅರ್ಥವಾಗಿತ್ತು, ಆದರೂ ನಿನ್ನನ್ನು ಬಿಟ್ಟುಕೊಡಲು ಆಗಲಿಲ್ಲ. "ನಿನ್ನ ಹೆಸರು ಹೇಳ್ಲಿಲ್ವಲ್ಲೇ" ಎಂದಳು. ಬಾಯಿ ತೊಳೆದುಕೊಂಡು ಮತ್ತೆ ವಾಂತಿ ಮಾಡಿದೆ.

ಮಾರನೇ ದಿನ ಬೆಳಗ್ಗೆ ನೀವೆಲ್ಲ ಏಳುವ ಮೊದಲೇ ಲ್ಯಾಬಿಗೆ ಹೋಗಿ ಬಾಗಿಲಲ್ಲಿ ನಿಂತೆ. ಮೇಡಂ ಬಂದರು. ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ: ಅವತ್ತು ನಾನು ನಗುತ್ತಿದ್ದೆ. ನನಗೆ ಕೆಲಸ ಬೇಕು. ಅವರು ಓದಿ, ಚೀಟಿ ಮಡಿಸಿ ಬ್ಯಾಗಿಗೆ ಹಾಕಿಕೊಂಡರು. "ನಾನು ನಿನ್ನನ್ನೇ ಕೇಳ್ಬೇಕಿತ್ತು. ಕಣ್ಣೆದುರಿಗೇ ಇದ್ದೆ" ಎಂದರು. ಹಾಗಂತ ಎಲ್ಲ ಸರಿಹೋಯಿತು ಎಂದೇನೂ ಅಲ್ಲ. ಪಕ್ಕದವಳು ಈಗಲೂ ನನ್ನ ಜೊತೆ ಮಾತಾಡುವಾಗ ಮಗುವಿಗೆ ಹೇಳುವ ಹಾಗೆ ದನಿ ಎಳೆಯುತ್ತಾಳೆ. ನಾನು ಜೋರಾಗಿ ನಕ್ಕರೆ ಮೇಡಂ ಒಮ್ಮೆ ಇಣುಕಿ ನೋಡಿ ಹೋಗುತ್ತಾರೆ. ಮೊದಲ ಸಂಬಳ ಬರುತ್ತಲೇ ಸೈಕಲ್ ಅಂಗಡಿಯ ಮೇಲಿನ ಈ ಕೋಣೆ ಹಿಡಿದೆ. ಕೆಳಗೆ ಹಗಲೆಲ್ಲ ಟ್ಯೂಬಿಗೆ ಗಾಳಿ ಹೊಡೆಯುವ ಸದ್ದು. ಒಂದೇ ತೆರನಾದ ಸದ್ದು, ಅದು ನನಗೆ ಆಗುತ್ತದೆ.

ಇನ್ನು ನಿನ್ನಿಂದ ನನಗೆ ಬೇಕಾದದ್ದು. ಆ ಎರಡು ಚಿತ್ರಗಳನ್ನು ತೆಗೆದುಹಾಕು. ನನ್ನ ಹೆಸರಿಲ್ಲ ಎಂಬ ಸಬೂಬು ಬೇಡ. ಆ ತಾಯಿಯನ್ನು ಹುಡುಕಿ, ತಪ್ಪು ಹೇಳಿದೆ ಎಂದು ಹೇಳು. ಇದನ್ನು ಮಾಡಿದರೆ ನಿನ್ನ ಕೆಲಸ ಹೋಗಬಹುದು, ನನಗೆ ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದೇನೆ. ಮಾಡದಿದ್ದರೆ ನನ್ನ ಮೆಟ್ಟಿಲು ಹತ್ತಬೇಡ. ನೀನು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಸಿಟ್ಟು ಇಳಿಯುತ್ತದೆ. ಇದು ಇಳಿಯುತ್ತಿಲ್ಲ. ನಿನ್ನ ಮೆಸೇಜು ಬಂದಾಗಲೆಲ್ಲ ಕೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ಅಮ್ಮನಿಗೆ ಊಟ ಮಾಡಿಸು. ನೀನೂ ಮಾಡು.

ಇತಿ,
ನಿನ್ನ ತಂಗಿ

ತಾ.ಕ.: ಪಟ್ಟಿ ವಾಪಸು ಕಳಿಸಿದ್ದು ನಿಜ, ಆದರೆ ಪೂರ್ತಿ ನಿಜ ಬರೆದಿಲ್ಲ. ಹೋದ ವಾರ ಅದೇ ಥರದ್ದು ಇನ್ನೊಂದು ಕೊಂಡುಕೊಂಡೆ, ನನ್ನ ಹೆಸರಿನಲ್ಲಿ. ಬೇರೆ ಯಾರ ಫೋನಿಗೂ ಜೋಡಿಸಿಲ್ಲ. ಪಾಲಿಷ್ ಮೆಷಿನ್ನುಗಳೆಲ್ಲ ಒಟ್ಟಿಗೆ ಶುರುವಾದಾಗ ಅದು ಹಣೆಯ ಮೇಲೆ ಸಣ್ಣಗೆ ಅದುರುತ್ತದೆ, ನಾನು ಎದ್ದು ಹಿಂದಿನ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ತಪ್ಪು ಹೇಳಿದರೆ, ಸುಮ್ಮನಿರು ಎಂದು ಬಿಚ್ಚಿ ಜೇಬಿಗೆ ಹಾಕುತ್ತೇನೆ. ಕೆಲಸ ಮುಗಿಯುವವರೆಗೂ ಕೂರಲು ಆಗುತ್ತಿದೆ. ನೀನು ಮೊದಲು ಹೇಳಿದ್ದು ಸರಿಯಾಗಿಯೇ ಇತ್ತು ಅಕ್ಕ, ಅದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಮೊದಲ ದಿನ ಅದು ಹೀಗೆ ಕೆಲಸಕ್ಕೆ ಬಂದಾಗ, ಮೆಟ್ಟಿಲಲ್ಲಿ ಕೂತು ಖುಷಿಗೆ ಫೋನ್ ತೆಗೆದು ನಿನ್ನ ನಂಬರ್ ಒತ್ತಿಯೂ ಬಿಟ್ಟಿದ್ದೆ. ನೀನು "ಹಲೋ" ಎಂದ ಮೇಲೆ ನಡೆದದ್ದೆಲ್ಲ ನೆನಪಾಯಿತು. ಆ ದಿನ ಮಾತಾಡದೆ ಇಟ್ಟ ಕರೆ ಕೈತಪ್ಪಿ ಬಂದದ್ದಲ್ಲ, ನಾನೇ ಮಾಡಿದ್ದು.